ಮುತ್ತಜ್ಜಿಯ ಮದುವೆ ಎಷ್ಟು ಸಲ?

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಕಾಲು ಚಾಚೋಣ ಅಂದುಕೊಂಡರೆ ಮಾವ ಫೈಲು ಹಿಡಿದು ಬಂದೇ ಬಿಡುತ್ತಾರೆ. ಇಲ್ಲಿ ಎಡಿನ್‌ಬರೋದಲ್ಲಿ ಮಾವನನ್ನು ಹೆಸರು ಹಿಡಿದೇ ಕರೆಯುವುದು ರೂಢಿ. ನನಗೆ ಬಾಯಿ ಬರುವುದಿಲ್ಲ. ‘ಮಾವ’ ಅಂತಲೇ ಕರೆಯುತ್ತೇನೆ, ಅವರೂ ಓಗೊಡುತ್ತಾರೆ. ಅವರ ಫೈಲಿನ ತುಂಬ ಸತ್ತವರು. ಮದುವೆಯಾಗಿ ಸತ್ತವರು ಅನ್ನೋಣ ಅಂದರೆ, ಅದೇ ಇನ್ನೂ ಇತ್ಯರ್ಥವಾಗಿಲ್ಲ.

ನಿವೃತ್ತರಾದ ಮೇಲೆ ಮಾವನಿಗೆ ವಂಶವೃಕ್ಷದ ಹುಚ್ಚು. ಹುಚ್ಚು ಅವರದು. ಲಾಗಿನ್ ಆಗುವುದು, ಕಾಗೆ ಕಾಲು ಗುಬ್ಬಿ ಕಾಲು ಕೈಬರಹ ಓದುವುದು, ಒಂದೊಂದು ದಾಖಲೆಗೂ ಒಂದೂವರೆ ಪೌಂಡ್ ಕಟ್ಟುವುದು ಸೊಸೆಯ ಪಾಲು. “ನಿನ್ನ ಕಣ್ಣು ಚುರುಕು” ಅನ್ನುತ್ತಾರೆ. ಕಾರ್ಡೂ ನನ್ನದೇ ಅನ್ನುವ ಮಾತು ಎತ್ತುವುದಿಲ್ಲ.

ಸ್ಕಾಟ್ಲೆಂಡಿನ ದಾಖಲೆಗಳು ಚೆನ್ನಾಗಿವೆ, ಒಪ್ಪಬೇಕು. 1855ರ ಜನವರಿ 1ರಿಂದ ಹುಟ್ಟು, ಸಾವು, ಮದುವೆ ಎಲ್ಲವನ್ನೂ ಸರ್ಕಾರ ಬರೆದಿಟ್ಟಿದೆ. ಹೆಂಗಸರ ತವರುಮನೆ ಹೆಸರನ್ನೂ ಬಿಟ್ಟಿಲ್ಲ. 1861ರಿಂದಂತೂ ಮಗುವಿನ ಜನನ ದಾಖಲೆಯಲ್ಲೇ ಅಪ್ಪ ಅಮ್ಮನ ಮದುವೆ ಯಾವತ್ತು, ಎಲ್ಲಿ ಆಯಿತು ಅನ್ನುವುದೂ ಇರುತ್ತದೆ. ಇನ್ನೇನು ಬೇಕು, ಅಲ್ವಾ? ಅಂಥದ್ದು ಒಂದು ಸಿಕ್ಕಿದರೆ ಸುಖ. ನಾಲ್ಕು ಸಿಕ್ಕಿದರೆ ತಲೆನೋವು.

ಮಾವನ ಮುತ್ತಜ್ಜಿಗೆ ಮಕ್ಕಳು ಜಾಸ್ತಿ. ಮೊದಲನೆಯದರ ದಾಖಲೆ ಪ್ರಕಾರ ಮದುವೆ ನಡೆದದ್ದು 1861ರ ಜೂನ್‌ನಲ್ಲಿ. ಎರಡನೆಯದರ ಪ್ರಕಾರ ಅದೇ ವರ್ಷದ ಜನವರಿಯಲ್ಲಿ. ಮೂರನೆಯದು 1860 ಅನ್ನುತ್ತದೆ. ಊರು ಮೊದಲು ಡಂಡೀ, ಆಮೇಲೆ ಪರ್ತ್. ಅಸಲು ಮದುವೆಯ ದಾಖಲೆ ಹುಡುಕಿ ತೆಗೆದರೆ 1863ರ ಡಿಸೆಂಬರ್! ಪಾದ್ರಿ, ಸಾಕ್ಷಿ, ಎಲ್ಲ ಪಕ್ಕಾ. ಆ ಹೊತ್ತಿಗೆ ಮೊದಲನೆಯ ಕೂಸು ಮನೆ ತುಂಬ ಓಡಾಡುತ್ತಿತ್ತು, ಎರಡನೆಯದು ಹೊಟ್ಟೆಯಲ್ಲಿತ್ತು.

ನನಗೆ ಸಿಟ್ಟು ಮುತ್ತಜ್ಜಿಯ ಮೇಲಲ್ಲ, ಮಾವನ ಒಂದು ಅಭ್ಯಾಸದ ಮೇಲೆ. ಎರಡು ತಾರೀಕು ಹೊಂದಲಿಲ್ಲವೋ, ಕನ್ನಡಕವನ್ನು ಹಣೆಗೇರಿಸಿ “ಇವರು ಬೇರೆ ಜೋಡಿ” ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಗೋಡೆಗೆ ಇನ್ನೊಂದು ಹಳದಿ ಚೀಟಿ ಅಂಟುತ್ತದೆ. ಅದೇ ಹೆಸರಿನ ಗಂಡ, ಅದೇ ಹೆಸರಿನ ಹೆಂಡತಿ, ಅದೇ ಸೆಣಬಿನ ಗಿರಣಿಯಲ್ಲಿ ಕೆಲಸ, ಅದೇ ಬೀದಿ. ಮಕ್ಕಳನ್ನು ಮಾತ್ರ ತಾರೀಕಿಗೆ ತಕ್ಕಂತೆ ಹಂಚಿ ಹಾಕುತ್ತಾರೆ. ಒಡಹುಟ್ಟಿದವರು ಹೀಗೆ ನಮ್ಮ ಗೋಡೆಯ ಮೇಲೆ ಬರೀ ನೆರೆಹೊರೆಯವರಾಗಿದ್ದಾರೆ.

“ಮಾವ, ಒಂದೇ ಬೀದಿಯಲ್ಲಿ ಒಂದೇ ಹೆಸರಿನ ನಾಲ್ಕು ಜೋಡಿ ಇರೋಕೆ ಸಾಧ್ಯವಾ?”

“ಸ್ಕಾಟ್ಲೆಂಡಿನಲ್ಲಿ ಸಾಧ್ಯ.”

ಕಷ್ಟ ಏನೆಂದರೆ, ಆ ಮಾತಿನಲ್ಲಿ ಒಂದಿಷ್ಟು ಹುರುಳೂ ಇದೆ. ಇಲ್ಲಿ ಹಿಂದೆ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುತ್ತಿದ್ದರು. ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಮಗಳಿಗೆ ಅಮ್ಮನ ಅಮ್ಮನದು. ನಮ್ಮ ಕಡೆ ತಾತನ ಹೆಸರು ಇಟ್ಟೂ ಇಟ್ಟೂ ಮನೆ ತುಂಬ ವೆಂಕಟೇಶಂದಿರು ಆಗುವುದಿಲ್ಲವೇ, ಹಾಗೆ. ಜೇಮ್ಸ್ ತಾತನಿಗೆ ಐದು ಗಂಡುಮಕ್ಕಳಿದ್ದರೆ ಮೊಮ್ಮಕ್ಕಳಲ್ಲಿ ಐದು ಜೇಮ್ಸ್. ಸಾಲದ್ದಕ್ಕೆ ಜಾನೆಟ್ ಅನ್ನುವವಳೇ ಇನ್ನೊಂದು ಪುಟದಲ್ಲಿ ಜೆಸ್ಸಿ ಆಗಿರುತ್ತಾಳೆ.

ಇನ್ನೂ ಹಿಂದಿನ ತಲೆಮಾರಿಗೆ ಹೋದರೆ ಚರ್ಚಿನ ಪುಸ್ತಕಗಳೇ ಗತಿ. ಅಲ್ಲಿ ಎಷ್ಟೋ ಸಲ ಬರೆದಿರುವುದು ಮದುವೆಯನ್ನಲ್ಲ, ‘ಇಂಥವರು ಮದುವೆಯಾಗಲಿದ್ದಾರೆ’ ಅನ್ನುವ ಸಾರಣೆಯನ್ನು. ಹುಡುಗನ ಊರಲ್ಲೊಂದು ಸಾರಣೆ, ಹುಡುಗಿಯ ಊರಲ್ಲೊಂದು. ತಾರೀಕೂ ಎರಡು. ಕೊನೆಗೆ ಮದುವೆ ನಡೆಯಿತೋ ಇಲ್ಲವೋ ಆ ದೇವರಿಗೇ ಗೊತ್ತು. ಮಾವ ಅಲ್ಲೂ ಎರಡು ಚೀಟಿ ಅಂಟಿಸಿದರು.

ತಡೆಯಲಾರದೆ ನಾನೇ ಇಲ್ಲಿನ ಹಳೆಯ ಕಾನೂನು ಓದಿದೆ. 1940ರ ಜುಲೈಗೆ ಮುಂಚೆ ಸ್ಕಾಟ್ಲೆಂಡಿನಲ್ಲಿ ಮದುವೆಗೆ ಪಾದ್ರಿಯೇ ಬೇಕು ಅಂತೇನೂ ಇರಲಿಲ್ಲ. ಇಬ್ಬರೂ ಒಪ್ಪಿ, ಸಾಕ್ಷಿಗಳ ಮುಂದೆ ‘ನಾವು ಗಂಡ ಹೆಂಡತಿ’ ಅಂದರೆ ಮುಗಿಯಿತು. ಗಡಿಯಂಚಿನ ಗ್ರೆಟ್ನಾ ಗ್ರೀನ್‌ನ ಕುಲುಮೆಯಲ್ಲಿ, ಇಂಗ್ಲೆಂಡಿನಿಂದ ಓಡಿಬಂದ ಜೋಡಿಗಳಿಗೆ ಮದುವೆ ಮಾಡಿಸುತ್ತಿದ್ದದ್ದು ಈ ಕಾನೂನಿನ ಬಲದ ಮೇಲೆಯೇ. 1856ರಲ್ಲಿ ಅದಕ್ಕೊಂದು ಕಡಿವಾಣ ಹಾಕಿದರು: ಇಬ್ಬರಲ್ಲಿ ಒಬ್ಬರಾದರೂ ಇಲ್ಲಿ 21 ದಿನ ಇದ್ದಿರಬೇಕು. ಡಂಡೀಯ ಗಿರಣಿ ಹುಡುಗಿಗೆ ಅದೇನು ಲೆಕ್ಕ? 1861ರಲ್ಲಿ ಯಾರದೋ ಅಡುಗೆಮನೆಯಲ್ಲಿ ಮಾತು ಕೊಟ್ಟು, 1863ರಲ್ಲಿ ಪಾದ್ರಿಯ ಮುಂದೆ ನಿಂತಿರಬಹುದು. ಎರಡೂ ನಿಜವೇ.

ಇಲ್ಲವೇ ಸುಳ್ಳೇ ಹೇಳಿರಬಹುದು. ಮದುವೆಯಾಗದವರ ಕೂಸಿನ ಹೆಸರಿನ ಕೆಳಗೆ ‘ಅಕ್ರಮ’ ಅಂತ ಬರೆದಿಡುತ್ತಿದ್ದ ಕಾಲ ಅದು. ಹೆರಿಗೆಯಾಗಿ ಮೂರು ವಾರದೊಳಗೆ ರಿಜಿಸ್ಟ್ರಾರ್ ಮುಂದೆ ನಿಂತವಳಿಗೆ ‘ಮದುವೆ ಯಾವತ್ತು?’ ಅಂದರೆ, ಅವಳು ಮಗುವಿಗೆ ಒಳ್ಳೆಯದಾಗುವ ತಾರೀಕು ಹೇಳದೆ ಇನ್ನೇನು ಹೇಳುತ್ತಾಳೆ? ಕೆಳಗೆ ಅವಳ ಸಹಿಯಿಲ್ಲ, ಬರೀ ಒಂದು ಗೀಟಿನ ಮೇಲೆ ಇನ್ನೊಂದು ಗೀಟು. ನನ್ನ ಅಜ್ಜಿಯೂ ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಮದುವೆ ಯಾವಾಗ ಆಯ್ತಜ್ಜಿ ಅಂದರೆ ‘ಕೆರೆ ಕೋಡಿ ಬಿದ್ದ ವರ್ಷ’ ಅನ್ನುತ್ತಿದ್ದಳು. ಅದು ಯಾವ ವರ್ಷ ಅಂತ ಹೇಳುವವರು ಈಗ ಊರಲ್ಲಿ ಯಾರೂ ಉಳಿದಿಲ್ಲ.

ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. ಚಹಾ ಆರುವವರೆಗೂ ಕೇಳಿಸಿಕೊಂಡರು. ಆಮೇಲೆ, “ಸರಿ, ಹಾಗಾದರೆ ಅಡುಗೆಮನೆ ಜೋಡಿ ಬೇರೆ, ಚರ್ಚಿನ ಜೋಡಿ ಬೇರೆ” ಅಂದರು.

ಆಗ ಅತ್ತೆ ಒಳಗಿನಿಂದಲೇ ಒಂದು ಪ್ರಶ್ನೆ ಎಸೆದರು: ಮಗ ಸೊಸೆಯ ಮದುವೆಗೆ ಯಾವ ತಾರೀಕು ಬರೆದಿದೆ? ನಾವು ಅಕ್ಟೋಬರ್‌ನಲ್ಲಿ ಇಲ್ಲಿನ ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿ, ಫೆಬ್ರವರಿಯಲ್ಲಿ ಶಿವಮೊಗ್ಗದ ಛತ್ರದಲ್ಲಿ ಧಾರೆ ಎರೆಸಿಕೊಂಡವರು. ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು, ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್. ಎರಡು ಕಡೆಯೂ ಮಾವ ಮುಂದಿನ ಸಾಲಿನಲ್ಲೇ ಕೂತಿದ್ದರು. ಛತ್ರದಲ್ಲಿ ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡಿದ್ದರು. ಆದರೂ ಗೋಡೆಯ ಮೂಲೆಯಲ್ಲಿ ನಮಗೂ ಎರಡು ಚೀಟಿ!

ನನ್ನ ಗಂಡ ಬಿದ್ದು ಬಿದ್ದು ನಕ್ಕ. ನಗಲಿ. ಜೋಡಿ ಎರಡು ಅಂದ ಮೇಲೆ ವಾರ್ಷಿಕೋತ್ಸವವೂ ಎರಡು. ಉಡುಗೊರೆಯ ವಿಷಯದಲ್ಲಿ ಮಾತ್ರ ನಾನು ಮಾವನ ಪಕ್ಷ.