ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಮತ್ತು ಬಳ್ಳಾರಿಯ ಕೆಂಪು ಧೂಳು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾರು ಓಡಿಸುವುದೇ ಒಂದು ಖುಷಿ ಅನ್ನುವವರಿಗೆ, ಕೈಯಲ್ಲಿ ದುಡ್ಡು ಅಳತೆಯಲ್ಲಿರುವವರಿಗೆ, ನಮ್ಮ ಬಳ್ಳಾರಿಯಲ್ಲಿ ಹಳೆಯ ಟರ್ಬೊ ಹ್ಯಾಚ್‌ಬ್ಯಾಕ್‌ಗಿಂತ ಒಳ್ಳೆ ಗಾಡಿ ಇನ್ನೊಂದಿಲ್ಲ. ಟರ್ಬೊ ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬಿ ಪವರ್ ಏರಿಸುವ ಚಕ್ರ, ಹ್ಯಾಚ್‌ಬ್ಯಾಕ್ ಅಂದರೆ ಡಿಕ್ಕಿ ಹೊರಚಾಚದ ಸಣ್ಣ ಕಾರು. ಆದರೆ ಎರಡು ಷರತ್ತು. ಆ ಗಾಡಿ ಕಂಪನಿಯಿಂದ ಹೇಗೆ ಬಂತೋ ಹಾಗೇ ಇರಬೇಕು. ಕೊಳ್ಳುವ ದುಡ್ಡಿನ ಜೊತೆ ಸಾಕುವ ದುಡ್ಡೂ ಮೊದಲೇ ಕೈಯಲ್ಲಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಬೇಡ, ಸುಮ್ನೆ ಸಾಧಾರಣ ಕಾರು ತಗೊಳ್ಳಿ.

ಇಷ್ಟುದ್ದ ಬರೆಯಲು ಕಾರಣ ನಮ್ಮ ಅಕ್ಕನ ಮಗ. ತೋರಣಗಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೊದಲ ಕಾರು ತಗೊಳ್ಳಬೇಕು. ಮನೆಯವರೆಲ್ಲ ಏಳು ವರ್ಷದ ಇಎಂಐ ಹಾಕಿ ಎತ್ತರದ ಎಸ್‌ಯುವಿ ತಗೋ ಅನ್ನುತ್ತಾರೆ. "ಮಾಮಾ, ನಿಮ್ಮ ಗಾಡಿ ಓಡಿಸಿದ ಮೇಲೆ ಅದ್ಯಾವುದೂ ಮನಸ್ಸಿಗೆ ಹಿಡೀತಿಲ್ಲ, ಏನ್ ಮಾಡ್ಲಿ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಹಾಕುತ್ತಿದ್ದೇನೆ. ಅವನ ವಯಸ್ಸಿನ ಎಷ್ಟೋ ಜನ ಇದೇ ಯೋಚನೆಯಲ್ಲಿದ್ದಾರೆ ಅಂತ ನನಗೆ ಗೊತ್ತು.

ನಮ್ಮ ದೇಶದಲ್ಲಿ ಜೋರಾಗಿ ಓಡುವ ಸಣ್ಣ ಕಾರುಗಳೇಕೆ ಇಷ್ಟು ಕಡಿಮೆ? ತೆರಿಗೆಯಿಂದ. 2006ರಿಂದಲೂ ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗಿನ ಇಂಜಿನ್ ಇದ್ದ ಕಾರಿಗೆ ತೆರಿಗೆ ಕಡಿಮೆ. ಹಾಗಾಗಿ ಕಂಪನಿಗಳು ಸಣ್ಣ ಇಂಜಿನ್‌ಗೆ ಟರ್ಬೊ ಕೂರಿಸುವ ದಾರಿ ಹಿಡಿದವು. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್‌ನ ಪೋಲೊ ಜಿಟಿ ಟಿಎಸ್‌ಐ 1.2 ಲೀಟರ್ ಇಂಜಿನ್‌ನಲ್ಲೇ 105 ಪಿಎಸ್ ಕೊಟ್ಟಿತು (ಪಿಎಸ್, ಬಿಎಚ್‌ಪಿ ಎರಡೂ ಇಂಜಿನ್ ಪವರ್‌ನ ಅಳತೆ). 2015ರ ಫಿಯೆಟ್‌ನ ಅಬಾರ್ಥ್ ಪುಂಟೊ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. 1.4 ಲೀಟರ್ ಟರ್ಬೊ, 145 ಬಿಎಚ್‌ಪಿ. ಶೋರೂಮ್ ಬೆಲೆಯೇ ಹತ್ತು ಲಕ್ಷದ ಹತ್ತಿರ ನಿಂತಿತು, ಕೊಂಡವರು ಕಡಿಮೆ. 2018ರಲ್ಲಿ ಟಾಟಾದವರು ಕೊಯಮತ್ತೂರಿನ ಜಯಂ ಜೊತೆ ಸೇರಿ ಟಿಯಾಗೊ ಜೆಟಿಪಿ ತಂದರು. ಅದೂ ಹೆಚ್ಚು ದಿನ ಉಳಿಯಲಿಲ್ಲ. ಪೋಲೊ 2022ಕ್ಕೆ ನಿಂತಿತು. ಅಂದರೆ ಇವುಗಳಲ್ಲಿ ಹೆಚ್ಚಿನವು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಸಿಗುತ್ತವೆ. ಹೊಸದು ಬೇಕೆಂದರೆ ಹ್ಯುಂಡೈ ಐ20 ಎನ್ ಲೈನ್ ಥರದ ಒಂದೆರಡು ಹೆಸರು ಬಿಟ್ಟರೆ ಬೇರೆ ಇಲ್ಲ.

ನಾನು ತಗೊಂಡಿದ್ದು ಮಾರುತಿಯ ಬಲೆನೊ ಆರ್‌ಎಸ್. 2017ರ ಮಾರ್ಚ್‌ನಲ್ಲಿ ಬಂದು, ಹೊಗೆ ಮಾಲಿನ್ಯದ ಬಿಎಸ್6 ನಿಯಮ ಜಾರಿಗೆ ಬರುವ ಹೊತ್ತಿಗೆ 2020ರಲ್ಲಿ ನಿಂತುಹೋದ ಕಾರು. ಒಂದು ಲೀಟರಿನ ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಇಂಜಿನ್, 102 ಪಿಎಸ್, ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್. ಪೋಲೊ ನನಗೂ ಇಷ್ಟವೇ. ಬಾಗಿಲು ಹಾಕಿದಾಗ ಬರುವ ಆ ಗಟ್ಟಿ ಶಬ್ದ ಇನ್ನೂ ಕಿವಿಯಲ್ಲಿದೆ. ಆದರೆ ಹಳೆಯ ಜಿಟಿ ಟಿಎಸ್‌ಐನ ತಾನೇ ಗೇರ್ ಬದಲಿಸುವ ಏಳು ಗೇರಿನ ಡಿಎಸ್‌ಜಿ ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗದ ಕ್ಲಚ್) ಗೇರ್‌ಬಾಕ್ಸ್ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಅದರ ಮೆಕಟ್ರಾನಿಕ್, ಅಂದರೆ ಗೇರ್ ಬದಲಿಸುವ ಕಂಪ್ಯೂಟರ್ ಭಾಗ, ಕೈಕೊಟ್ಟರೆ ಲಕ್ಷದ ಮಾತು. ಪೋಲೊನೇ ಬೇಕೆಂದರೆ 2020ರ ನಂತರದ ಒಂದು ಲೀಟರ್ ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್ ಹುಡುಕಿ. 110 ಪಿಎಸ್, 175 ಎನ್‌ಎಂ (ಟಾರ್ಕ್, ಅಂದರೆ ಎಳೆಯುವ ಬಲದ ಅಳತೆ). ಅದಕ್ಕಿಂತ ಸಮತೋಲನದ ಕಾರು ಆ ದುಡ್ಡಿಗೆ ನಾನಂತೂ ಕಂಡಿಲ್ಲ.

ನಾನು ಬಲೆನೊ ಆರಿಸಿದ್ದಕ್ಕೆ ಕಾರಣ ನಮ್ಮ ಊರು. ಮಾರುತಿ ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿರುಗುಪ್ಪದಲ್ಲೂ ಇದ್ದಾನೆ, ಗಂಗಾವತಿಯಲ್ಲೂ ಇದ್ದಾನೆ. ಬಂಪರ್, ಲೈಟ್, ಸಸ್ಪೆನ್ಷನ್‌ನ ಸಣ್ಣಪುಟ್ಟ ಸಾಮಾನು ಕೇಳಿದ ಕೂಡಲೇ ಸಿಗುತ್ತವೆ. ಇಂಜಿನ್‌ನ ಸಾಮಾನಿಗೆ ಮಾತ್ರ ಕಾಯಬೇಕಾಗುತ್ತದೆ. 2023ರಲ್ಲಿ ಮಾರುತಿಯ ಫ್ರಾಂಕ್ಸ್ ಕಾರಿಗೆ ಅದೇ ವಂಶದ ಬೂಸ್ಟರ್‌ಜೆಟ್ ಇಂಜಿನ್ ಬಂದ ಮೇಲೆ ಆ ಚಿಂತೆ ಸ್ವಲ್ಪ ಕಡಿಮೆಯಾಗಿದೆ. ಅದರ ಎಲ್ಲ ಸಾಮಾನೂ ಇದಕ್ಕೆ ಹೊಂದುವುದಿಲ್ಲ. ಆದರೆ ಆ ಇಂಜಿನ್ ಬಿಚ್ಚಿ ಕೈ ಪಳಗಿದವರು ಈಗ ಜಾಸ್ತಿ ಆಗಿದ್ದಾರೆ, ಅದೇ ದೊಡ್ಡ ಧೈರ್ಯ.

ಸುರಕ್ಷತೆಯ ವಿಷಯದಲ್ಲಿ ಮುಚ್ಚುಮರೆ ಬೇಡ. 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ (ಕಾರನ್ನು ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆ) ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು ಸ್ಟಾರ್ ಬಂತು. ಬಲೆನೊಗೆ 2021ರ ಲ್ಯಾಟಿನ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸೊನ್ನೆ. ಮನೆಮಂದಿ ಪದೇ ಪದೇ ಹೈವೇಯಲ್ಲಿ ಓಡಾಡುವವರಾದರೆ ಈ ಒಂದು ಕಾರಣಕ್ಕೇ ಪೋಲೊ ಕಡೆ ವಾಲಿ ಅಂತ ಅಕ್ಕನ ಮಗನಿಗೂ ಹೇಳಿದ್ದೇನೆ.

ಈಗ ಮೊದಲ ಷರತ್ತಿನ ಮಾತು. ಇಂಥ ಕಾರು ಹುಡುಕಲು ಹೊರಟರೆ ಸಿಗುವುದರಲ್ಲಿ ಎಷ್ಟೋ ಗಾಡಿಗಳು ರೀಮ್ಯಾಪ್ ಆಗಿರುತ್ತವೆ. ಅಂದರೆ ಇಂಜಿನ್‌ನ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಬದಲಿಸಿ, ಟರ್ಬೊ ಒತ್ತಡ ಏರಿಸಿ, ಹೆಚ್ಚು ಪವರ್ ತೆಗೆದಿರುತ್ತಾರೆ. ಒಂದಷ್ಟು ದಿನ ಗಾಡಿ ಹುಚ್ಚೆದ್ದು ಓಡುತ್ತದೆ. ಆಮೇಲೆ ಕ್ಲಚ್ ಸವೆಯುತ್ತದೆ, ಗೇರ್‌ಬಾಕ್ಸ್ ಮೇಲೆ ಭಾರ ಬೀಳುತ್ತದೆ, ಟರ್ಬೊ ಮಿತಿ ಮೀರಿ ದುಡಿಯುತ್ತದೆ. ಮಾರುವ ಮುಂಚೆ ಹಳೆಯ ಸಾಫ್ಟ್‌ವೇರ್ ಮತ್ತೆ ಹಾಕಿಬಿಡುತ್ತಾರೆ. ಸಾಫ್ಟ್‌ವೇರ್ ವಾಪಸ್ ಬಂತು, ಸವೆದ ಕ್ಲಚ್ ವಾಪಸ್ ಬರುತ್ತದಾ?

ಹೊರ ಊರಿನ ಒಬ್ಬ ಡೀಲರ್ ಹತ್ತಿರ ನಾನು ನೋಡಿದ ಒಂದು ಗಾಡಿ ಹೀಗೇ ಇತ್ತು. ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ, ಒಳಗೆ ಹೊಸದರ ಹಾಗೆ ಹೊಳಪು, "ಸಿಂಗಲ್ ಓನರ್ ಸರ್" ಅಂತ ವರ್ಣನೆ. ನಾಲ್ಕನೇ ಗೇರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದೆ. ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿತು, ವೇಗ ಮಾತ್ರ ಏರಲಿಲ್ಲ. ಕ್ಲಚ್ ಜಾರುತ್ತಿತ್ತು. ಜೊತೆಗೆ ಬಂದಿದ್ದ ನಮ್ಮ ಕೌಲ್ ಬಜಾರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನ್ ಕಂಪ್ಯೂಟರಿನ ಡಬ್ಬಿಯ ಕ್ಲಿಪ್ ಮೇಲಿನ ಗೀರು ತೋರಿಸಿದರು. "ಇದನ್ನ ಬಿಚ್ಚ್ಯಾರ ಅಣ್ಣಾ, ಬ್ಯಾಡ್ರಿ ಇದು," ಅಂದರು. ಅಲ್ಲಿಗೆ ಆ ಗಾಡಿಯ ಕಥೆ ಮುಗಿಯಿತು.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದು ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇನ್ಶೂರೆನ್ಸ್‌ನವರಿಗೆ ಹೇಳದೆ ಪವರ್ ಏರಿಸಿಕೊಂಡ ಗಾಡಿ ಅಪಘಾತವಾದರೆ ಕ್ಲೇಮ್‌ಗೆ ತಕರಾರು ಬರಬಹುದು. ಅದಕ್ಕೇ ನನ್ನ ಹಠ: ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯೇ ಬೇಕು. ಜೋರು ಸದ್ದಿನ ಸೈಲೆನ್ಸರ್ ಕಂಡರೆ ನಾನು ಬೆಲೆ ಕೂಡ ಕೇಳುವುದಿಲ್ಲ.

ಕಿಲೋಮೀಟರ್ ಕಡಿಮೆ ಇದ್ದರೆ ಒಳ್ಳೆಯದು ಅಂತ ಎಲ್ಲರೂ ನಂಬುತ್ತಾರೆ. ನಾನು ನಂಬುವುದು ಸರ್ವಿಸ್ ದಾಖಲೆಯನ್ನು. ಎಂಬತ್ತು ಸಾವಿರ ಓಡಿ, ಪ್ರತಿ ಸಲ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾದ ಟರ್ಬೊ ಕಾರು, ಮೂವತ್ತು ಸಾವಿರ ಓಡಿ ಎರಡು ವರ್ಷ ಹಳೇ ಆಯಿಲ್‌ನಲ್ಲೇ ನಿಂತಿದ್ದ ಕಾರಿಗಿಂತ ಎಷ್ಟೋ ವಾಸಿ. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವ ವಸ್ತು. ಅದರ ಬೇರಿಂಗ್ ತಣ್ಣಗಿರುವುದೂ, ನುಣ್ಣಗಿರುವುದೂ ಆಯಿಲ್‌ನಿಂದಲೇ.

ಗಾಡಿ ನೋಡಲು ಹೋಗುವ ಮುಂಚೆ ಫೋನಿನಲ್ಲಿ ಒಂದು ಮಾತು ಹೇಳಿ: "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅನುಮಾನ ಪಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಗಡಗಡ ಶಬ್ದ, ಎಲ್ಲ ಹೊರಗೆ ಬರುತ್ತದೆ. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿರುವ ದೋಷ ಓದುವ ಯಂತ್ರ) ಇರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಅವರ ದಿನದ ಕೂಲಿ ಕೊಡಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ನೋಡಿ. ಬೆಂಗಳೂರು, ಹೈದರಾಬಾದ್, ಚೆನ್ನೈನ ನೆರೆಯಲ್ಲಿ ಮುಳುಗಿದ ಗಾಡಿ ಎಷ್ಟೇ ತೊಳೆದರೂ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಟೈರ್ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಉಳಿದೆರಡು ವರ್ಷ.

ಕಾಗದದ ವಿಷಯಕ್ಕೆ ಬಂದರೆ, ನಮ್ಮದು ಗಡಿ ಜಿಲ್ಲೆ. ಗುಂತಕಲ್ಲು, ಆದೋನಿ ಪಕ್ಕದಲ್ಲೇ ಇವೆ. ಆಂಧ್ರ, ತೆಲಂಗಾಣ ನೋಂದಣಿಯ ಗಾಡಿ ಅಗ್ಗಕ್ಕೆ ಕಾಣುತ್ತದೆ. ದೆಹಲಿಯಲ್ಲಿ ಹಳೆಯ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳೂ ಬರುತ್ತಿವೆ. ಆದರೆ ಆಯಾ ಊರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಬಳ್ಳಾರಿಯ ಕೆಎ-34 ನಂಬರ್ ಹಾಕಿಸಬೇಕು. ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಅದೆಲ್ಲ ಸೇರಿಸಿದರೆ ಅಗ್ಗ ಎಲ್ಲಿ ಉಳಿಯಿತು? ನಮ್ಮಲ್ಲೇ, ಕೆಎ ನಂಬರಿನ ಗಾಡಿಯನ್ನೇ ಹುಡುಕಿ. ಸರ್ಕಾರದ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಸಾಲ, ಚಲನ್ ಬಾಕಿ ಇದೆಯಾ ನೋಡಿ. ಮಾಲೀಕತ್ವ ವರ್ಗಾವಣೆಗೆ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ, ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಮಾರಿದವರಿಗೇ ಸೇರುತ್ತದೆ, ಹಾಗಾಗಿ ಪ್ರೀಮಿಯಂ ಏರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೇ ಷರತ್ತು, ಸಾಕುವ ದುಡ್ಡು. ನನ್ನ ಲೆಕ್ಕ ಇಷ್ಟೇ: ಗಾಡಿಯ ಬೆಲೆಯ ಐದನೇ ಒಂದು ಭಾಗ ಪಕ್ಕಕ್ಕೆ ಇಡಿ. ಐದು ಲಕ್ಷದ ಗಾಡಿಗೆ ಒಂದು ಲಕ್ಷ. ಅದು ಇಲ್ಲದಿದ್ದರೆ ನಾಲ್ಕು ಲಕ್ಷದ ಗಾಡಿ ನೋಡಿ. ಮೊದಲ ವರ್ಷದಲ್ಲೇ ಅದು ಹೇಗೆ ಕರಗುತ್ತದೆ ಅಂದರೆ, 195/55 ಆರ್16 ಅಳತೆಯ ಒಳ್ಳೆ ಟೈರ್ ನಾಲ್ಕಕ್ಕೇ 30,000ದ ಸುತ್ತಮುತ್ತ. ಮೇಲೆ ಬ್ಯಾಟರಿ, ಬ್ರೇಕ್ ಪ್ಯಾಡ್, ಎಲ್ಲ ಆಯಿಲ್, ಕೂಲಂಟ್, ಸಸ್ಪೆನ್ಷನ್ ಬುಷ್. ಟೈರಿನಲ್ಲಿ ಚೌಕಾಸಿ ಮಾಡಲೇಬೇಡಿ. ಪವರ್ ಇರುವ ಗಾಡಿಗೆ ಸವೆದ ಟೈರ್ ಹಾಕಿಕೊಂಡು ಮಳೆಗಾಲದಲ್ಲಿ ಹೊಸಪೇಟೆ ರಸ್ತೆಗೆ ಇಳಿಯುವುದು ಜೀವದ ಜೊತೆ ಆಟ.

ಬಳ್ಳಾರಿಯಲ್ಲಿ ಸಾಕುವ ಖರ್ಚು ಬೆಂಗಳೂರಿಗಿಂತ ಬೇರೆ. ನಮ್ಮ ಧೂಳು ಬರೀ ಮಣ್ಣಲ್ಲ, ಅದಿರಿನ ಪುಡಿ. ತೋರಣಗಲ್ಲು, ಸಂಡೂರು ಕಡೆ ದಿನಾ ಓಡಾಡುವ ಕಾರಿನ ಏರ್ ಫಿಲ್ಟರ್ ತೆಗೆದು ನೋಡಿ, ಅರಿಶಿನ ಕುಂಕುಮ ಎರಚಿದ ಹಾಗಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಟರ್ಬೊ ಉಸಿರಿಗೆ ಒದ್ದಾಡುತ್ತದೆ. ಅಗ್ಗದ ಫಿಲ್ಟರ್ ಹಾಕಿ ಅಂಚಿನಿಂದ ಧೂಳು ನುಸುಳಿದರೆ ಟರ್ಬೊದ ರೆಕ್ಕೆಗಳೇ ಸವೆಯುತ್ತವೆ. ಹಾಗಾಗಿ ಕಂಪನಿ ಹೇಳಿದ್ದಕ್ಕಿಂತ ಅರ್ಧ ಅವಧಿಗೇ ನಾನು ಫಿಲ್ಟರ್ ಬದಲಿಸುತ್ತೇನೆ, ಅದೂ ಕಂಪನಿಯದ್ದೇ. ಆಯಿಲ್ ಹತ್ತು ಸಾವಿರ ಕಿಲೋಮೀಟರ್‌ಗೆ ಅಂತ ಪುಸ್ತಕ ಹೇಳುತ್ತದೆ. ನಾನು ಅಷ್ಟು ದೂರ ಹೋಗಲು ಬಿಡುವುದಿಲ್ಲ. ಫುಲ್ ಸಿಂಥೆಟಿಕ್ ಬಿಟ್ಟು ಬೇರೆ ಹಾಕುವುದಿಲ್ಲ.

ಬಿಸಿಲಿನದ್ದೂ ಒಂದು ಲೆಕ್ಕ ಇದೆ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಗಾಡಿ ಮಂಕಾಗುತ್ತದೆ. ಬಿಸಿ ಗಾಳಿ ತೆಳುವಾಗಿರುತ್ತದೆ, ಟರ್ಬೊದಿಂದ ಬಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಅದನ್ನು ಸಾಕಷ್ಟು ತಣಿಸಲಾಗುವುದಿಲ್ಲ, ಇಂಧನ ತಪ್ಪಾಗಿ ಸಿಡಿದು ಇಂಜಿನ್ ಕುಟ್ಟದಿರಲಿ ಅಂತ ಕಂಪ್ಯೂಟರ್ ತಾನೇ ಪವರ್ ಇಳಿಸುತ್ತದೆ. ಗಾಬರಿ ಬೇಡ, ಡಿಸೆಂಬರ್ ಬೆಳಗ್ಗೆ ಅದೇ ಗಾಡಿ ಚಿಗರಿ ಆಗುತ್ತದೆ. ಇಂಟರ್‌ಕೂಲರ್ ಜಾಲರಿಯಲ್ಲಿ ಕೂತ ಧೂಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಸಿ, ಅಷ್ಟು ಸಾಕು. ಹೈವೇಯಲ್ಲಿ ಜೋರಾಗಿ ಬಂದು ಸೀದಾ ಆಫ್ ಮಾಡಬೇಡಿ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ ಬನ್ನಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಕೆಂಪಗೆ ಕಾದ ಟರ್ಬೊದೊಳಗೆ ಆಯಿಲ್ ನಿಂತು ಸುಟ್ಟು ಕರಿ ಕಟ್ಟುತ್ತದೆ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚೂಕಡಿಮೆ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆತ ಪೆಟ್ರೋಲ್. ಇವು ಅದಕ್ಕಿಂತ ಮುಂಚಿನ ಕಾರುಗಳು. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಇಂಧನದ ರಬ್ಬರ್ ಪೈಪುಗಳನ್ನು ನೋಡಲು ಹೇಳಿ.

"ಇಷ್ಟೆಲ್ಲ ಕಷ್ಟ ಯಾಕೆ?" ಅಂತ ಕೇಳಿದರೆ, ಬಳ್ಳಾರಿಯಿಂದ ತೋರಣಗಲ್ಲು ಕಡೆ ಒಮ್ಮೆ ಬನ್ನಿ. ಮುಂದೆ ಅದಿರಿನ ಲಾರಿಗಳ ಸಾಲು. ಸಾಧಾರಣ ಬಲೆನೊ ಪೆಟ್ರೋಲ್‌ನಲ್ಲಿ 115 ಎನ್‌ಎಂ ಟಾರ್ಕ್ ಬರುವುದು 4000 ಆರ್‌ಪಿಎಂಗೆ. ಆರ್‌ಎಸ್‌ನಲ್ಲಿ 150 ಎನ್‌ಎಂ 1700ಕ್ಕೇ ಸಿಗುತ್ತದೆ. ಲಾರಿ ದಾಟಲು ಎದುರು ರಸ್ತೆ ಖಾಲಿ ಕಂಡಾಗ, ಅರ್ಧ ಹೊತ್ತಿನಲ್ಲೇ ದಾಟಿ ನಮ್ಮ ಸಾಲಿಗೆ ಬಂದುಬಿಡಬಹುದು. ನನ್ನ ಪ್ರಕಾರ ಪವರ್ ಇರುವುದು ಇದಕ್ಕೆ. ಊರೊಳಗೆ ಮೋತಿ ಸರ್ಕಲ್‌ನಲ್ಲಿ ಸದ್ದು ಮಾಡುವುದಕ್ಕಲ್ಲ. ಹಾಗೆ ಓಡಿಸುವವರಿಂದಲೇ ಈ ಕಾರುಗಳಿಗೆ ಕೆಟ್ಟ ಹೆಸರು ಬಂದಿದ್ದು, ಅದು ನನಗೆ ನಿಜಕ್ಕೂ ಬೇಜಾರು.

ಇನ್ನು ಖುಷಿಯ ಮಾತು. ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡ ಹಸಿರಾದಾಗ, ಭಾನುವಾರ ಬೆಳಗ್ಗೆ ಲಾರಿ ಕಡಿಮೆ ಇರುವ ಹೊತ್ತಿಗೆ, ನಾರಿಹಳ್ಳದ ಕಡೆಯ ತಿರುವುಗಳಲ್ಲಿ ಮೂರನೇ ಗೇರ್ ಹಾಕಿಕೊಂಡು ಹೋಗಿ ನೋಡಿ. ಅರವತ್ತರ ವೇಗ ಸಾಕು. ಸ್ಟಿಯರಿಂಗ್ ತಿರುಗಿಸಿದಷ್ಟೇ ತಿರುಗುವ, ಕಾಲಿಟ್ಟ ಕೂಡಲೇ ಮಾತು ಕೇಳುವ ಹಗುರ ಗಾಡಿ. ಬಲೆನೊ ಆರ್‌ಎಸ್ ತೂಕ 950 ಕೆಜಿ ಅಷ್ಟೇ. ಒಂದೂವರೆ ಟನ್‌ನ ಎಸ್‌ಯುವಿಯಲ್ಲಿ ಆ ಸುಖ ನನಗೆ ಸಿಕ್ಕಿಲ್ಲ. ಅದಕ್ಕೆ ಹತ್ತೋ ಹನ್ನೆರಡೋ ಲಕ್ಷ ಸಾಲ ಬೇಕಾಗಿಲ್ಲ ಅನ್ನುವುದು ಇನ್ನೂ ದೊಡ್ಡ ಸಮಾಧಾನ. ದುಡಿಯುವ ಹುಡುಗರ ಸಂಬಳ ಏಳು ವರ್ಷ ಬ್ಯಾಂಕಿಗೇ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅಕ್ಕನ ಮಗ ಈಗ ಒಂದು ಪೋಲೊ ಟಿಎಸ್‌ಐ ಮ್ಯಾನ್ಯುಯಲ್ ನೋಡಿ ಇಟ್ಟಿದ್ದಾನೆ. ಕೊಪ್ಪಳದ ಗಾಡಿ, ಕೆಎ-37. ಸರ್ವಿಸ್ ದಾಖಲೆ ತರಿಸಿಕೊಂಡಿದ್ದೇವೆ, ಬರುವ ಭಾನುವಾರ ಹೋಗುತ್ತೇವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಸುತ್ತಮುತ್ತ ಯಾರಾದರೂ ಇಂಥ ಗಾಡಿ ನೋಡಲು ಹೊರಟಿದ್ದರೆ ಮೆಸೇಜ್ ಹಾಕಿ. ಬಿಡುವಿದ್ದರೆ ಸ್ಕ್ಯಾನರ್ ಹಿಡಿದುಕೊಂಡು ನಾನೂ ಬರುತ್ತೇನೆ. ಬೆಳಗ್ಗೆ ಬೇಗ ಹೊರಡೋಣ, ಮಾರುವವರು ಗಾಡಿ ಸ್ಟಾರ್ಟ್ ಮಾಡುವ ಮುಂಚೆ.