ಒಂದು ಮಗ್ಗು, ಮೂರು ಗಂಟೆ

ಮೊನ್ನೆ ಶನಿವಾರ ಹಳೆಯ ಗೆಳೆಯನೊಬ್ಬ ಬಂದಿದ್ದ. ಇಪ್ಪತ್ತು ವರ್ಷದಿಂದ ಹೊರಗಡೆ ಇರೋನು. ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ನಾಲ್ಕು ಹೆಜ್ಜೆ ಹಾಕಿದವನೇ "ಬಾರೋ, ನಾಸಾದಲ್ಲಿ ಕೂರೋಣ" ಅಂದ. ತಮಾಷೆಗಲ್ಲ, ನಿಜವಾಗಿ ಕೇಳಿದ. ಇಲ್ಲ ಕಣೋ, ಆ ಪಬ್ಬು ಹೋಗಿ ಯಾವ ಕಾಲ ಆಯ್ತು ಅಂದೆ. ಸರಿ, ರೆಸಿಡೆನ್ಸಿ ರೋಡಿಗೆ ಹೋಗೋಣ, ಬ್ಲ್ಯಾಕ್ ಕ್ಯಾಡಿಲಾಕ್? ಅದೂ ಇಲ್ಲ. ಪರ್ಪಲ್ ಹೇಜ್? ಇಲ್ಲ. ಪಬ್ ವರ್ಲ್ಡ್? ಇಲ್ಲ. ಎಂ.ಜಿ. ರೋಡಿನ ಅಂಡರ್‌ಗ್ರೌಂಡ್? ಅದೂ ಹೋಯ್ತಪ್ಪ. ಅವನು ಫುಟ್‌ಪಾತಿನಲ್ಲಿ ನಿಂತುಬಿಟ್ಟ, ಹಳ್ಳಿಗೆ ಹೋಗಿ ಒಬ್ಬೊಬ್ಬರೇ ಹಿರಿಯರ ಹೆಸರು ಹಿಡಿದು ವಿಚಾರಿಸಿದವನ ಹಾಗೆ.

ಈಗಿನ ಹುಡುಗರಿಗೆ ಇದು ಅರ್ಥ ಆಗೋದು ಸ್ವಲ್ಪ ಕಷ್ಟ. ನಾನು ಬೆಳೆದದ್ದು ಹನುಮಂತನಗರದಲ್ಲಿ. ನಮ್ಮ ಮನೆಯಲ್ಲಿ ಎಂ.ಜಿ. ರೋಡಿನ ಕಡೆಗೆ 'ದಂಡು' ಅಂತಲೇ ಅನ್ನೋರು, ಅದೊಂದು ಬೇರೆ ಊರು ಅನ್ನೋ ಹಾಗೆ. ನಮ್ಮ ಕಡೆ ಕುಡಿಯೋದು ಅಂದ್ರೆ ಬಾರ್ ಅಂಡ್ ರೆಸ್ಟೋರೆಂಟು. ಕೆಂಪು ಬಲ್ಬು, ಮರದ ಹಲಗೆ ಹೊಡೆದ ಗೂಡು, ಅದಕ್ಕೊಂದು ಮಾಸಿದ ಪರದೆ. ಒಳಗೆ ಹೋಗುವಾಗ ರಸ್ತೆಯ ಎರಡೂ ಕಡೆ ನೋಡಿ ಹೋಗಬೇಕು, ಹೊರಗೆ ಬರುವಾಗ ತಲೆ ತಗ್ಗಿಸಿ ಬರಬೇಕು. ಕ್ವಾರ್ಟರ್, ಉಪ್ಪಿನಕಾಯಿ, ಎದ್ದು ನಡಿ. ಕೂತು ಮಾತಾಡೋ ಜಾಗ ಅಲ್ಲ ಅದು, ಅವಿತುಕೊಳ್ಳೋ ಜಾಗ.

80ರ ದಶಕದ ಕೊನೆಗೆ ದಂಡಿನ ಕಡೆ ಪಬ್ಬುಗಳು ಬಂದವಲ್ಲ, ಅವು ಬದಲಾಯಿಸಿದ್ದು ಇದನ್ನೇ. ಊರಲ್ಲೇ ಬಿಯರ್ ತಯಾರಾಗುತ್ತಿತ್ತು. ಈಗ ಯುಬಿ ಸಿಟಿ ಮಾಲ್ ಇರೋ ಜಾಗದಲ್ಲಿ ಆಗ ಇದ್ದದ್ದು ಯುನೈಟೆಡ್ ಬ್ರೂವರೀಸ್‌ನ ಬ್ರೂವರಿ. ಡ್ರಾಟ್ ಬಿಯರ್ ನಲ್ಲಿಯಿಂದ ಮಗ್ಗಿಗೆ ಬೀಳುತ್ತಿತ್ತು, ಜೊತೆಗೆ ಪುಕ್ಕಟೆ ಪಾಪ್‌ಕಾರ್ನ್. ನಾವು ಹೋಗಲು ಶುರು ಮಾಡಿದ್ದು 90ರ ದಶಕದ ಮಧ್ಯದಲ್ಲಿ. ಮಗ್ಗಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ ಅಂತ ನನ್ನ ನೆನಪು. ಮೂರು ಜನ ಸೇರಿ ಎರಡು ಮಗ್ಗು ತಗೊಂಡು, ಬಿಟಿಎಸ್ ಬಸ್ಸಿನ ಚಾರ್ಜು ಬೇರೆ ಜೇಬಿಗೆ ಎತ್ತಿಟ್ಟು, ನೊರೆ ಎಲ್ಲಾ ಇಳಿದು ಬಿಯರು ಬಿಸಿನೀರಿನ ಹಾಗೆ ಆಗೋ ತನಕ ಕೂರುತ್ತಿದ್ದೆವು.

ನಾಸಾ ಅಂದ್ರೆ ನಾಸಾನೇ. ಒಳಗೆ ಹೋದರೆ ರಾಕೆಟ್ಟಿನ ಹೊಟ್ಟೆ ಹೊಕ್ಕ ಹಾಗೆ, ಸಪ್ಲೈಯರ್‌ಗಳಿಗೆ ಪೈಲಟ್ ತರಹದ ಡ್ರೆಸ್ಸು. ಅಂಡರ್‌ಗ್ರೌಂಡ್ ಲಂಡನ್ನಿನ ಸುರಂಗ ರೈಲಿನ ವೇಷ ಹಾಕಿಕೊಂಡಿತ್ತು. ನಮ್ಮ ಮೆಟ್ರೋ ಬಂದದ್ದು 2011ರಲ್ಲಿ, ಅದಕ್ಕೂ ಎಷ್ಟೋ ಮೊದಲೇ ನಾವು ಎಂ.ಜಿ. ರೋಡಿನಲ್ಲಿ ರೈಲಿನಲ್ಲಿ ಕೂತು ಕುಡಿದವರು ನೋಡಿ! ಪರ್ಪಲ್ ಹೇಜ್ ಪೂರ್ತಿ ರಾಕ್ ಸಂಗೀತದ ಮಂದಿಯದ್ದು. ಅಲ್ಲಿ ನನಗೆ ಅರ್ಧ ಹಾಡು ಅರ್ಥ ಆಗ್ತಿರಲಿಲ್ಲ. ಆದ್ರೂ ತಲೆ ಅಲ್ಲಾಡಿಸುತ್ತಿದ್ದೆ.

ಇನ್ನೊಂದು ಮರೆಯಬಾರದು. ಮಧ್ಯಾಹ್ನ ಎರಡೂವರೆಗೆ ಪಬ್ ಬಾಗಿಲು ಹಾಕಿಬಿಡೋರು, ಮತ್ತೆ ತೆಗೆಯೋದು ಐದೂವರೆಗೆ. ಹಾಗೆ ನಿಯಮ ಇತ್ತು. ಆ ಮೂರು ಗಂಟೆ ಬ್ರಿಗೇಡ್ ರೋಡಿನಲ್ಲಿ ಸುಮ್ನೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಬೇಕು.

ಒಂದು ಸಲ ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಇಂಗ್ಲಿಷಿನಲ್ಲಿ ಆರ್ಡರ್ ಕೊಟ್ಟೆ. ಸಪ್ಲೈಯರ್ ಪೂರ್ತಿ ಕೇಳಿಸಿಕೊಂಡು, ಬಗ್ಗಿ ಮೆಲ್ಲಗೆ, "ಕನ್ನಡದಲ್ಲೇ ಹೇಳಿ ಸಾರ್, ನಾನೂ ಚನ್ನರಾಯಪಟ್ಟಣದ ಕಡೆಯವನೇ" ಅಂದ. ನಾಚಿಕೆ ಆಯ್ತು, ಆಮೇಲೆ ಸಮಾಧಾನವೂ ಆಯ್ತು. ಆವತ್ತಿನಿಂದ ದಂಡು ನನಗೆ ಬೇರೆ ಊರು ಅನ್ನಿಸಲಿಲ್ಲ.

ಹಾಗಂತ ಎಲ್ಲಾ ಚೆನ್ನಾಗಿತ್ತು ಅಂತಲ್ಲ. ಹಳೆಯ ಪಬ್ ನೆನೆಸಿಕೊಂಡು ಕಣ್ಣೀರು ಹಾಕೋರು ಅಲ್ಲಿನ ಟಾಯ್ಲೆಟ್ ನೆನಪಿದ್ದರೆ ಸ್ವಲ್ಪ ಹಿಡಿತದಲ್ಲಿ ಹಾಕ್ತಿದ್ದರು. ಸಿಗರೇಟು ಹೊಗೆ ಎಷ್ಟಿರುತ್ತಿತ್ತು ಅಂದ್ರೆ ಎದುರಿಗೆ ಕೂತವನ ಮುಖ ಕಾಣಿಸದು. ಹೆಣ್ಣುಮಕ್ಕಳು ಬರ್ತಿದ್ದದ್ದು ಕಡಿಮೆ, ಬಂದವರನ್ನು ಇಡೀ ಪಬ್ಬು ತಿರುಗಿ ನೋಡೋದು, ಅದರಲ್ಲಿ ನಾವೂ ಸೇರಿದ್ದೆವು. ಮತ್ತೆ ಕನ್ನಡದ ಹಾಡು? ಒಂದೇ ಒಂದು ಹಾಕಿದ್ದು ನಾನು ಕೇಳಿಲ್ಲ. ಚೀಟಿ ಬರೆದು ಕೊಡೋಕೂ ನಮಗೆ ಧೈರ್ಯ ಇರಲಿಲ್ಲ. ಬಡಿಸೋನು ಕನ್ನಡದವನು, ಕುಡಿಯೋನು ಕನ್ನಡದವನು, ಹಾಡು ಮಾತ್ರ ಕಡಲಾಚೆಯದ್ದು.

ಯಾಕೆ ಹೋದವು ಅಂತ ಗೆಳೆಯ ಕೇಳಿದ. ಪೊಲೀಸಿನವರು ಹನ್ನೊಂದೂವರೆಗೆ ಲೈಟು ಆರಿಸುತ್ತಿದ್ದ ಕಾಲ ಇತ್ತು, ನಿಜ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದ್ದಕ್ಕೆ 2017ರ ಜುಲೈ 1ರಂದು ಎಂ.ಜಿ. ರೋಡು, ಬ್ರಿಗೇಡ್ ರೋಡಿನ ಎಷ್ಟೋ ಬಾಗಿಲು ಒಟ್ಟಿಗೇ ಮುಚ್ಚಿದ್ದವು, ಕೆಲವು ತಿಂಗಳ ಮೇಲೆ ತೆರೆದವು. ಆದ್ರೆ ನಾನು ಹೇಳೋ ಹಳೆಯ ಪಬ್ಬುಗಳಲ್ಲಿ ಹೆಚ್ಚಿನವು ಅಷ್ಟು ಹೊತ್ತಿಗಾಗಲೇ ಇರಲಿಲ್ಲ. ನನ್ನ ಪ್ರಕಾರ ಅವನ್ನು ಮುಗಿಸಿದ್ದು ಬಾಡಿಗೆ, ಮತ್ತೆ ನಾವು. ಹತ್ತು ಹನ್ನೆರಡು ಟೇಬಲ್ಲಿನ ಜಾಗದಲ್ಲಿ ಒಂದು ಮಗ್ಗು ಇಟ್ಕೊಂಡು ಮೂರು ಗಂಟೆ ಕೂರೋ ಗಿರಾಕಿ ಇದ್ದರೆ ಯಾವ ಮಾಲೀಕ ಎಂ.ಜಿ. ರೋಡಿನ ಬಾಡಿಗೆ ಕಟ್ಟುತ್ತಾನೆ ಹೇಳಿ. ಅದೇ ಗಿರಾಕಿ ಕೈಗೆ ಒಳ್ಳೆ ಸಂಬಳ ಬಂದಾಗ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಅಂತ ಹೋಗಿಬಿಟ್ಟ. ಪಬ್ಬುಗಳೂ ಅವನ ಹಿಂದೆ ಹೋದವು. ಈಗಿನ ಮೈಕ್ರೋಬ್ರೂವರಿಗಳ, ಅಂದ್ರೆ ತಾವೇ ಬಿಯರ್ ತಯಾರಿಸೋ ಪಬ್ಬುಗಳ, ಬಿಯರು ನಮ್ಮ ಕಾಲದ್ದಕ್ಕಿಂತ ಎಷ್ಟೋ ಪಾಲು ರುಚಿ, ಸುಳ್ಳು ಹೇಳಬಾರದು. ಆದ್ರೆ ಮದುವೆ ಛತ್ರದಷ್ಟು ದೊಡ್ಡ ಜಾಗ, ಕಿವಿ ಕಿತ್ತು ಹೋಗೋ ಸದ್ದು. ಬಿಲ್ ನೋಡಿದರೆ ನಶೆ ತಾನಾಗೇ ಇಳಿಯುತ್ತೆ.

ಕೊನೆಗೆ ರೆಸ್ಟ್ ಹೌಸ್ ರೋಡಿನ ಪೆಕೋಸ್‌ಗೆ ಹೋದೆವು. 1989ರದ್ದು, ಇನ್ನೂ ಇದೆ. ಮಗ್ಗು ಬಂತು. ಗೆಳೆಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನೀನೊಂದು ಕದ್ದಿದ್ದೆಯಲ್ಲ, ಏನಾಯ್ತೋ ಅದು?" ಅಂದ.

ಹೌದು, ಕದ್ದಿದ್ದೆ. ಯಾವ ಪಬ್ಬಿಂದ ಅಂತ ಹೇಳಲ್ಲ. ಸ್ವೆಟರಿನೊಳಗೆ ಇಟ್ಕೊಂಡು, ಏಲಕ್ಕಿ ಜಗಿಯುತ್ತಾ ಕೊನೇ ಬಸ್ಸಿನಲ್ಲಿ ಬಂದು, ಅಟ್ಟದ ಮೇಲೆ ಹಳೆಯ ಪುಸ್ತಕಗಳ ಹಿಂದೆ ಬಚ್ಚಿಟ್ಟಿದ್ದೆ. ನಮ್ಮಪ್ಪ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಒಂದು ಭಾನುವಾರ ಎದ್ದು ನೋಡ್ತೀನಿ, ಹಿತ್ತಲಲ್ಲಿ ಕನ್ನಡಿ ಮುಂದೆ ನಿಂತು ಶೇವ್ ಮಾಡ್ಕೊಳ್ತಾ ಇದ್ದಾರೆ, ಪಕ್ಕದಲ್ಲಿ ಅದೇ ಮಗ್ಗು, ಅದರ ತುಂಬಾ ಬಿಸಿನೀರು, ಮೇಲೆ ಸೋಪಿನ ನೊರೆ. ನನ್ನ ಕಾಲು ಅಲ್ಲೇ ನಿಂತುಹೋಯ್ತು. ಅಪ್ಪ ತಿರುಗಲಿಲ್ಲ, ಕನ್ನಡಿಯಲ್ಲೇ ನನ್ನನ್ನು ನೋಡಿ, ಗಲ್ಲ ಒಂದು ಕಡೆ ಎಳೆದುಕೊಂಡು, "ಹಿಡಿ ಚೆನ್ನಾಗಿದೆ ಕಣೋ. ಒಂದೇ ತಂದ್ಯಾ?" ಅಂದರು.