ಕೂದಲು ಬಿಡುವವನಿಗೂ ಕತ್ತರಿ ಬೇಕು

ಮೊನ್ನೆ ರಾತ್ರಿ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಸಾಕಾಗಿ ಹೋಯ್ತು. ಭಾನುವಾರ ಹೋಗಿ ಎಲ್ಲಾ ಸಣ್ಣ ಮಾಡಿಸಿಬಿಡ್ತೀನಿ" ಅಂದ.

ಅವನು ಕೂದಲು ಬಿಡಲು ಶುರು ಮಾಡಿ ಏಳು ತಿಂಗಳಾಯಿತು. ಕಿವಿಯ ಮೇಲಿನ ಕೂದಲು ಎರಡೂ ಕಡೆ ಉಬ್ಬಿ ನಿಲ್ಲುತ್ತದೆ. ಹಿಂದಿನದು ಕಾಲರ್‌ಗೆ ತಾಗಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಮುಂದಿನದು ಕಣ್ಣಿಗೆ ಬೀಳುತ್ತದೆ, ಕಟ್ಟೋಣ ಅಂದರೆ ರಬ್ಬರ್ ಬ್ಯಾಂಡಿಗೆ ಸಿಗುವುದಿಲ್ಲ. ಮನೆಯಲ್ಲಿ ದಿನಾ ಒಂದು ಮಾತು. ಊರಿಗೆ ಹೋದರೆ ಹಿರಿಯರು "ಯಾವ ದೇವರ ಹರಕೆನೋ? ತಿರುಪತಿಗಾ, ಧರ್ಮಸ್ಥಳಕ್ಕಾ?" ಅಂತ ಕೇಳುತ್ತಾರೆ.

ಈ ಏಳನೇ ತಿಂಗಳು ನನಗೆ ಚೆನ್ನಾಗಿ ಗೊತ್ತು. ಮೊದಲ ಸಲ ನಾನೂ ಇಲ್ಲೇ ಕೈಬಿಟ್ಟಿದ್ದೆ. ಎರಡನೇ ಸಲ ಹಠ ಹಿಡಿದೆ. ಈಗ ಮೂರು ವರ್ಷ, ಕೂದಲು ಹೆಗಲು ಮುಟ್ಟುತ್ತದೆ. ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ಸೋಲುವ ಎಷ್ಟೋ ಹುಡುಗರ ಕೂದಲು ಚೆನ್ನಾಗಿಯೇ ಇರುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಟ್ಟಬಾರದು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ.

ಎಲ್ಲರೂ ಕೊಡುವ ಸಲಹೆ ಎರಡೇ. ಒಂದು, "ವರ್ಷ ಪೂರ್ತಿ ಕತ್ತರಿ ಮುಟ್ಟಿಸಬೇಡ." ಇನ್ನೊಂದು, "ತಿಂಗಳಿಗೊಂದು ಸಲ ತುದಿ ಕತ್ತರಿಸ್ತಾ ಇರು, ಬೇಗ ಬೆಳೆಯುತ್ತೆ." ಎರಡನ್ನೂ ಮಾಡಿ ನೋಡಿದ್ದೇನೆ. ಎರಡೂ ತಪ್ಪು.

ಎರಡನೆಯದನ್ನು ಮೊದಲು ನೋಡೋಣ. ಕೂದಲು ಬೆಳೆಯುವುದು ಬುಡದಲ್ಲಿ, ಚರ್ಮದ ಒಳಗೆ. ಹೊರಗೆ ಕಾಣುವ ಎಳೆಗೆ ಜೀವ ಇಲ್ಲ, ಉಗುರಿನ ತುದಿಯ ಹಾಗೆ. ತುದಿ ಕತ್ತರಿಸಿದ್ದು ಬುಡಕ್ಕೆ ಗೊತ್ತೇ ಆಗುವುದಿಲ್ಲ. ಕತ್ತರಿಸಿದ ಮೇಲೆ ತುದಿ ಒಂದೇ ಸಮ ಆಗಿ ದಟ್ಟವಾಗಿ ಕಾಣುತ್ತದೆ, ಅದನ್ನೇ ಜನ ಬೆಳವಣಿಗೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಇಂಚು ಬೆಳೆಯುತ್ತದೆ, ವರ್ಷಕ್ಕೆ 6 ಇಂಚು. ತಿಂಗಳಿಗೆ ಅರ್ಧ ಇಂಚು ಕತ್ತರಿಸುತ್ತಾ ಹೋದರೆ ವರ್ಷದ ಕೊನೆಗೆ ಎಲ್ಲಿದ್ದೆವೋ ಅಲ್ಲೇ. ಅದೇ ಮೂರು ತಿಂಗಳಿಗೊಮ್ಮೆ ಅರ್ಧ ಇಂಚು ತೆಗೆದರೆ 2 ಇಂಚು ಹೋಗಿ 4 ಇಂಚು ಉಳಿಯುತ್ತದೆ.

ಇನ್ನು ಕತ್ತರಿಯನ್ನೇ ಮುಟ್ಟಿಸಬೇಡ ಅನ್ನುವವರ ಮಾತು. ಇದನ್ನು ನಂಬಿಯೇ ಹುಡುಗರು ಜಾಸ್ತಿ ಸೋಲುವುದು. ತಲೆಯ ಆಕಾರ ನೆನಪು ಮಾಡಿಕೊಳ್ಳಿ. ನೆತ್ತಿಯಿಂದ ಹೊರಟ ಕೂದಲು ಹಣೆ ದಾಟಿ, ಕಿವಿ ದಾಟಿ ಗಲ್ಲಕ್ಕೆ ಬರಬೇಕಾದರೆ ಅಡಿ ಉದ್ದದ ದಾರಿ. ಕತ್ತಿನ ಹಿಂದಿನ ಕೂದಲಿಗೆ ಕಾಲರ್ ಎರಡೇ ಇಂಚು ದೂರ. ಎರಡೂ ಒಂದೇ ವೇಗದಲ್ಲಿ ಬೆಳೆದರೂ ಹಿಂದಿನದು ಮೊದಲು ತಲುಪಿಬಿಡುತ್ತದೆ. ಹಾಗಾಗಿ ಆರನೇ ತಿಂಗಳಿಗೆ ಹಿಂದೆ ಬಾಲ, ಮುಂದೆ ಏನೂ ಇಲ್ಲ. ಕನ್ನಡಿ ನೋಡಿದವನಿಗೆ ಬೇಜಾರಾಗದೆ ಇರುತ್ತದಾ?

ಅದಕ್ಕೆ ಮೊದಲ ವರ್ಷ ನೆತ್ತಿಯ ಮೇಲೆ, ಮುಂದಲೆಯಲ್ಲಿ ಕತ್ತರಿ ಇಡಲೇಬಾರದು. ಕತ್ತಿನ ಹಿಂದೆ ಮಾತ್ರ ಆರರಿಂದ ಎಂಟು ವಾರಕ್ಕೊಮ್ಮೆ ಗಿಡ್ಡ ಮಾಡಿಸಿ, ಗೆರೆ ಎತ್ತಿಸಬೇಕು. ಕಿವಿಯ ಸುತ್ತ ಉಬ್ಬುವ ಕಡೆ ಚೂರು ತೆಗೆಸಬೇಕು, ಮಷೀನ್ ಹಾಕಿಸಬಾರದು. ಒಂದು ಸಲ ಮಷೀನ್ ಹಾಕಿಸಿದರೆ ಅಲ್ಲಿನ ಆರು ತಿಂಗಳು ನೆಲಕ್ಕೆ ಬಿತ್ತು ಅಂತಲೇ ಲೆಕ್ಕ. ಮೇಲಿನದು ಬಂದು ಕಿವಿ ಮುಚ್ಚುವ ತನಕ ಹಿಂದಿನದು ಕಾಯಬೇಕು. ಆಮೇಲೆ ಕತ್ತಿನ ಗೆರೆ ಬೋಳಿಸುವುದನ್ನು ನಿಲ್ಲಿಸಿ, ಎಲ್ಲವನ್ನೂ ಒಟ್ಟಿಗೆ ಇಳಿಯಲು ಬಿಡಬೇಕು.

ನಂಬಿಕೆಯಿಂದ ಕೂದಲು ಬಿಟ್ಟವರ ಮಾತು ಬೇರೆ. ಹರಕೆ ಹೊತ್ತವರು ಮುಡಿ ಕೊಡುವ ತನಕ ಕತ್ತರಿ ಮುಟ್ಟಿಸುವುದಿಲ್ಲ. ದೀಕ್ಷೆ ಪಡೆದ ಸಿಖ್ಖರು ಜೀವಮಾನವಿಡೀ ಕತ್ತರಿಸುವುದಿಲ್ಲ. ಆದರೆ ಅವರು ಕೂದಲಿನ ಜೊತೆಗೆ ಮರದ ಬಾಚಣಿಗೆಯನ್ನೂ ಧರ್ಮದ ಗುರುತಾಗಿ ಇಟ್ಟುಕೊಳ್ಳುತ್ತಾರೆ. ಬಿಡುವುದರ ಜೊತೆಗೇ ಒಪ್ಪ ಮಾಡುವುದೂ ಬಂತು. ನಮ್ಮ ಅಜ್ಜನಿಗೂ ಜುಟ್ಟಿತ್ತು. ಹಿಂದೆ ಅಷ್ಟುದ್ದ ಬಿಟ್ಟಿದ್ದರೂ ಹದಿನೈದು ದಿನಕ್ಕೊಮ್ಮೆ ಮುಂದಲೆ ಬೋಳಿಸಿಕೊಳ್ಳುತ್ತಿದ್ದರು. ಸ್ನಾನ ಆದ ಮೇಲೆ ಜಗಲಿಯಲ್ಲಿ ಕೂತು, ಜುಟ್ಟು ಬಿಚ್ಚಿ, ಬೆರಳಲ್ಲೇ ಸಿಕ್ಕು ಬಿಡಿಸಿ, ಗಂಟು ಹಾಕಿಕೊಳ್ಳುತ್ತಿದ್ದರು. ಆ ಕೈ ನನಗೆ ಈಗಲೂ ಕಾಣುತ್ತದೆ.

ನನಗೆ ಆಸೆ ಹುಟ್ಟಿಸಿದ್ದು ಮಾತ್ರ ಧೋನಿ. 2006ರಲ್ಲಿ ಲಾಹೋರ್‌ನಲ್ಲಿ ಪಾಕಿಸ್ತಾನದ ಆಗಿನ ಅಧ್ಯಕ್ಷ ಮುಷರಫ್ ಅವರೇ ಆ ಕೂದಲು ಕತ್ತರಿಸಬೇಡ ಅಂದಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬೇಕು.

ಒಂದೂವರೆ ವರ್ಷ ಆದಾಗ ನನಗೊಂದು ಪೆಟ್ಟು ಬಿತ್ತು. ಬೆಂಗಳೂರಲ್ಲಿ ಎಸಿ ಇರುವ ಒಂದು ಸಲೂನ್‌ಗೆ ಹೋಗಿ "ಸ್ವಲ್ಪ ಟ್ರಿಮ್ ಮಾಡಿ" ಅಂದೆ. ತಲೆ ತೊಳೆದು, ಒದ್ದೆ ಕೂದಲನ್ನು ಎಳೆದು ಹಿಡಿದು ಕತ್ತರಿಸಿದರು. ಮೇಲೆ ಕೂದಲು ತೆಳ್ಳಗೆ ಮಾಡುವ ತಿನ್ನಿಂಗ್ ಕತ್ತರಿ ಬೇರೆ ಆಡಿಸಿದರು. ಒಣಗಿದ ಮೇಲೆ ನೋಡಿದರೆ ಮೂರು ಇಂಚು ಹೋಗಿತ್ತು. ನನ್ನದು ಅಲೆ ಅಲೆ ಕೂದಲು, ಒದ್ದೆಯಲ್ಲಿ ಉದ್ದ ಕಾಣುತ್ತದೆ, ಒಣಗಿದರೆ ಮೇಲೆ ಹೋಗುತ್ತದೆ. ತಿನ್ನಿಂಗ್ ಮಾಡಿದ ಕಡೆ ಗಿಡ್ಡ ಗಿಡ್ಡ ಎಳೆಗಳು ತಿಂಗಳುಗಟ್ಟಲೆ ಎದ್ದು ನಿಂತಿದ್ದವು. ಆರು ತಿಂಗಳ ಬೆಳೆ. ಅವತ್ತು ನಿಜವಾಗಿಯೂ ಅಳು ಬಂದಿತ್ತು.

ಆಮೇಲೆ ಸಿಕ್ಕಿದ್ದು ಮನೆ ಹತ್ತಿರದ ಹಳೇ ಕಟಿಂಗ್ ಶಾಪ್. ಎರಡೇ ಕುರ್ಚಿ. ಅಂಗಡಿಯವರಿಗೆ ಅರವತ್ತು ದಾಟಿದೆ. ಕೂತ ಕೂಡಲೇ ಕೇಳಿದರು, "ಎಷ್ಟು ತೆಗೀಲಿ ಸರ್?" ನಾನು ಮತ್ತೆ "ಸ್ವಲ್ಪ" ಅಂದೆ. "ನಿಮ್ಮ ಸ್ವಲ್ಪ ಬೇರೆ, ನನ್ನ ಸ್ವಲ್ಪ ಬೇರೆ. ಬೆರಳಲ್ಲಿ ತೋರಿಸಿ" ಅಂದರು. ತೋರುಬೆರಳ ಮೊದಲ ಗೆಣ್ಣಿನ ಅರ್ಧ ತೋರಿಸಿದೆ. ಸರಿ ಅಂದರು. ನೀರು ಹಾಕಲಿಲ್ಲ. ಒಣ ಕೂದಲಿನ ಒಂದು ಚಿಟಿಕೆ ಹಿಡಿದು, ದೀಪದ ಬತ್ತಿ ಹೊಸೆದ ಹಾಗೆ ಹೊಸೆದರು. ಗಟ್ಟಿ ಎಳೆಗಳು ಸುತ್ತಿಕೊಂಡವು, ಕೆಟ್ಟವು ಬತ್ತಿಯಿಂದ ಹೊರಗೆ ಸಿಡಿದು ನಿಂತವು. ಕತ್ತರಿಯ ಮೂತಿಯಲ್ಲಿ ಅಷ್ಟನ್ನೇ ಟಿಕ್ ಟಿಕ್ ಅಂತ ತೆಗೆದರು. ಒಂದು ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದರು. ತುದಿ ಕವೆಗೋಲಿನ ಹಾಗೆ ಎರಡಾಗಿತ್ತು. "ಇದನ್ನ ಬಿಟ್ರೆ ಮೇಲಕ್ಕೆ ಸೀಳ್ಕೊಂಡು ಹೋಗತ್ತೆ ಸರ್. ಯಾವ ಎಣ್ಣೆಗೂ ಅಂಟಲ್ಲ."

ಅದು ನಿಜ. ಸೀಳಿದ ತುದಿಯನ್ನು ಕೂಡಿಸುವ ಸೀರಮ್ ಇಲ್ಲ. ಸ್ವಲ್ಪ ದಿನ ಮುಚ್ಚಿಡಬಹುದು, ಅಷ್ಟೇ. ಉದ್ದ ಉಳಿಯಬೇಕಾದರೆ ಆ ಚೂರು ಹೋಗಲೇಬೇಕು.

ಹಾಗಂತ ಕತ್ತರಿಯೊಂದೇ ಸಾಲದು, ತುದಿ ಸೀಳುವುದೇ ಕಡಿಮೆಯಾಗಬೇಕು. ಅಮ್ಮ ಸಾಗರದಿಂದ ಬಂದಾಗೆಲ್ಲ ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿಕೊಡುತ್ತಾಳೆ. ಅದನ್ನು ಹಚ್ಚಿದ ದಿನ ಬಾಚಣಿಗೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಉಳಿದ ವಾರಗಳಲ್ಲಿ ಶಾಂಪೂ ಬುಡಕ್ಕೆ, ಕಂಡಿಷನರ್ ತುದಿಗೆ. ತಲೆಸ್ನಾನದ ಹಿಂದಿನ ರಾತ್ರಿ ತೆಂಗಿನೆಣ್ಣೆ. ಇದು ಬರೀ ಅಜ್ಜಿ ಮಾತಲ್ಲ. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಸಂಶೋಧನೆಯೇ ಇದೆ. ಅದರಲ್ಲಿ ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಆ ಗುಣ ಕಾಣಲಿಲ್ಲ. ಒದ್ದೆ ಕೂದಲನ್ನು ಟವೆಲ್‌ನಲ್ಲಿ ಉಜ್ಜಬೇಡಿ, ಹಳೇ ಕಾಟನ್ ಪಂಚೆಯಲ್ಲಿ ಒತ್ತಿ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ.

ಕಟ್ಟುವ ವಿಷಯದಲ್ಲಿ ಮಾತ್ರ ಕೈ ಮುಗಿದು ಕೇಳುತ್ತೇನೆ. ದಿನವಿಡೀ ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಕಟ್ಟಬೇಡಿ. ಎಳೆತಕ್ಕೆ ಹಣೆಯ ಅಂಚಿನ ಕೂದಲು ಉದುರುತ್ತದೆ. ವರ್ಷಗಟ್ಟಲೆ ಹಾಗೇ ಎಳೆದರೆ ಬುಡವೇ ಸತ್ತು ವಾಪಸ್ ಬರುವುದಿಲ್ಲ. ಬೈಕ್ ಓಡಿಸುವವರಂತೂ ಗಂಟಿನ ಮೇಲೆ ಹೆಲ್ಮೆಟ್ ಹಾಕಲೇಬೇಡಿ, ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಕತ್ತಿನ ಹತ್ತಿರ, ಕೆಳಗೆ, ಬಟ್ಟೆ ಸುತ್ತಿದ ಬ್ಯಾಂಡಿನಲ್ಲಿ ಸಡಿಲವಾಗಿ ಕಟ್ಟಿ.

ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ. ಗಿಡ್ಡ ಇದ್ದಾಗ ಕಣ್ಣಿಗೆ ಬೀಳುತ್ತಿರಲಿಲ್ಲ, ಈಗ ಬಚ್ಚಲಲ್ಲಿ ಉಂಡೆಯಾಗಿ ಕಾಣುತ್ತದೆ. ಅಕ್ಕನ ಮಗ ಅದಕ್ಕೂ ಹೆದರಿದ್ದ. ಅವನಿಗೆ ಇಷ್ಟೆಲ್ಲ ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿತ್ತು ಅನಿಸುತ್ತದೆ. ಏಳು ತಿಂಗಳ ತಾಳ್ಮೆ ಹತ್ತು ನಿಮಿಷದಲ್ಲಿ ನೆಲಕ್ಕೆ ಬೀಳುವುದನ್ನು ನೋಡಲು ನನಗೆ ಆಗುವುದಿಲ್ಲ.

ನಿನ್ನೆ ಮೆಸೇಜ್ ಮಾಡಿದ್ದಾನೆ. "ಹಿಂದೆ ಮಾತ್ರ ಅಲ್ವಾ ಮಾವ? ಮೇಲೆ ಮುಟ್ಟಲ್ಲ ತಾನೇ?"

ಮುಟ್ಟಲ್ಲ ಕಣೋ. ಭಾನುವಾರ ಬೆಳಗ್ಗೆ ಏಳಕ್ಕೆ ಆ ಎರಡು ಕುರ್ಚಿಯ ಅಂಗಡಿಯವರು ಬಾಗಿಲು ತೆಗೆಯುತ್ತಾರೆ. ರಶ್ ಆಗುವ ಮೊದಲೇ ಇಬ್ಬರೂ ಹೋಗಿ ಕೂರುತ್ತೇವೆ. ಎಷ್ಟು ಅಂತ ಅವನೇ ಬೆರಳಲ್ಲಿ ತೋರಿಸಲಿ.